ಆಟದ ಗುರುವನ್ನು ಆರಿಸುವಾಗ

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮ ಊರುಗಳ ಮೈದಾನಗಳಿಗೆ ಹೊಸ ಕಳೆ ಬರುತ್ತದೆ. ಬೆಳಗಿನ ಆರು ಗಂಟೆಗೆಲ್ಲ ಬಿಳಿಯ ಉಡುಪು ತೊಟ್ಟ ಹುಡುಗರು ತಮ್ಮ ಎದೆಯೆತ್ತರದ ಚೀಲಗಳನ್ನು ಹೆಗಲಿಗೇರಿಸಿಕೊಂಡು ಸಾಲುಸಾಲಾಗಿ ಬರುತ್ತಾರೆ. ಅವರ ಹಿಂದೆಯೇ ಸ್ಕೂಟರು ನಿಲ್ಲಿಸಿ ಬರುವ ತಂದೆಯರು, ನೀರಿನ ಸೀಸೆ ಹಿಡಿದ ತಾಯಂದಿರು. ಶುಲ್ಕ ತೆರುತ್ತಾರೆ, ಮಗನ ಹೆಸರು ಬರೆಸುತ್ತಾರೆ, ಹೊರಟುಹೋಗುತ್ತಾರೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳಬೇಕಾದರೂ ತಿರುಗಿಸಿ, ಒತ್ತಿ, ತೊಟ್ಟು ನೋಡಿ ಕೊಳ್ಳುವ ನಾವು, ಮಗುವಿನ ಎಲುಬು ಕೀಲುಗಳನ್ನೂ ಅದರ ಮನಸ್ಸನ್ನೂ ಎರಡು ತಿಂಗಳು, ಕೆಲವೊಮ್ಮೆ ಎರಡು ಮೂರು ವರ್ಷ, ಯಾರ ಕೈಗೆ ಒಪ್ಪಿಸುತ್ತಿದ್ದೇವೆಂಬುದನ್ನು ವಿಚಾರಿಸುವುದು ಅಪರೂಪ. ವಿಚಾರಿಸಿದರೂ ಕೇಳುವ ಪ್ರಶ್ನೆ ಒಂದೇ: "ಇವರ ಕೈಯಲ್ಲಿ ಕಲಿತವರು ಎಷ್ಟು ಮಂದಿ ರಾಜ್ಯದ ತಂಡಕ್ಕೆ ಹೋಗಿದ್ದಾರೆ?" ಈ ಪ್ರಶ್ನೆ ಸಾಲದೆಂದಷ್ಟೇ ಅಲ್ಲ, ಅದು ನಮ್ಮನ್ನು ದಾರಿ ತಪ್ಪಿಸುವ ಪ್ರಶ್ನೆಯೆಂಬುದು ನನ್ನ ಅಭಿಪ್ರಾಯ.

ಕಾಲೇಜಿನಲ್ಲಿ ಭೌತವಿಜ್ಞಾನದ ಪಾಠ ಹೇಳುವವನಿಗೆ ಇದನ್ನು ಹೇಳಲು ಏನು ಅಧಿಕಾರವೆಂದು ವಾಚಕರು ಕೇಳಬಹುದು. ವಿದ್ಯಾರ್ಥಿದೆಸೆಯಲ್ಲಿ ನಾನು ಕಾಲೇಜಿನ ತಂಡಕ್ಕೆ ಹನ್ನೆರಡನೆಯವನಾಗಿ ನೀರು ಹೊತ್ತವನೇ ಹೊರತು ಆಟಗಾರನಲ್ಲ. ನನಗೆ ಅಧಿಕಾರವೇನಾದರೂ ಇದ್ದರೆ ಅದು ನಾನು ಮಾಡಿದ ಒಂದು ತಪ್ಪಿನಿಂದ ಬಂದದ್ದು.

ನನ್ನ ಅಕ್ಕನ ಮಗನಿಗೆ ಆಗ ೧೩ ವರ್ಷ. ಬಲಗೈಯ ವೇಗದ ಬೌಲರು. ನಮ್ಮ ಊರಿನಲ್ಲಿ ಹೆಸರಾದ ಒಂದು ತರಬೇತಿ ಕೇಂದ್ರಕ್ಕೆ ಅವನನ್ನು ಸೇರಿಸಿದವನು ನಾನೇ. ಅಲ್ಲಿನ ಗೋಡೆಯ ಮೇಲೆ ಪದಕ ಧರಿಸಿದ ಹುಡುಗರ ಚಿತ್ರಗಳಿದ್ದುವು. ಅದನ್ನು ನೋಡಿ ನಾನು ಒಪ್ಪಿದೆ. ವಾರಕ್ಕೆ ಆರು ದಿನ, ಬಲೆಯೊಳಗೆ ದಿನಕ್ಕೆ ನೂರನಲವತ್ತು ಚೆಂಡುಗಳವರೆಗೆ ಅವನು ಎಸೆಯುತ್ತಿದ್ದನೆಂಬುದು ನನಗೆ ತಿಳಿದದ್ದು ಆಮೇಲೆ. ಮಾಘಮಾಸದಲ್ಲಿ ಒಂದು ಸಂಜೆ ಹುಡುಗ, "ಮಾಮ, ಸೊಂಟದ ಎಡಗಡೆ ನೋಯುತ್ತೆ, ಬಾಗಿದರೆ ಚುಚ್ಚುತ್ತೆ" ಎಂದ. ತರಬೇತುದಾರರನ್ನು ಕೇಳಿದಾಗ ಅವರು ನಕ್ಕು, "ಬಲ ಬರುವಾಗ ನೋವು ಬಂದೇ ಬರುತ್ತೆ ಸಾರ್, ಇಷ್ಟಕ್ಕೆಲ್ಲ ಕೂತರೆ ಬೌಲರ್ ಆಗಲ್ಲ" ಎಂದರು. ಅವರು ಹಾಗೆಂದದ್ದು ತಪ್ಪು. ನಾನು ಮನೆಗೆ ಬಂದು ಹುಡುಗನಿಗೆ ಅದೇ ಮಾತನ್ನು ಇನ್ನಷ್ಟು ಅಲಂಕಾರ ಸೇರಿಸಿ ಹೇಳಿದ್ದು ದೊಡ್ಡ ತಪ್ಪು. ಅವನು ಇನ್ನೂ ಏಳು ವಾರ ಎಸೆದ. ಕಡೆಗೆ ಶಾಲೆಯ ಬೆಂಚಿನ ಮೇಲೆ ಕೂರಲೂ ಆಗದೆ ಹೋದಾಗ ವೈದ್ಯರ ಬಳಿಗೆ ಕರೆದೊಯ್ದೆವು. ಕ್ಷ-ಕಿರಣದ ಚಿತ್ರದಲ್ಲಿ ಏನೂ ಕಾಣಿಸಲಿಲ್ಲ. ಎರಡನೆಯ ವೈದ್ಯರು ಎಂ.ಆರ್.ಐ. ಮಾಡಿಸಿದರು. ಸೊಂಟದ ಐದನೆಯ ಕಶೇರುವಿನ ಹಿಂಬದಿಯಲ್ಲಿ, ಎಡಮಗ್ಗುಲಿಗೆ, ಎಲುಬು ಸೀಳು ಬಿಟ್ಟಿತ್ತು.

ವೇಗದ ಬೌಲರುಗಳಿಗೆ ಈ ಸೀಳು ಹೊಸತಲ್ಲ. ಆಸ್ಟ್ರೇಲಿಯದ ಡೆನಿಸ್ ಲಿಲ್ಲಿ ೧೯೭೩ರಲ್ಲಿ ಬೆನ್ನೆಲುಬಿನ ಇಂಥ ಸೀಳುಗಳಿಂದಲೇ ಮಲಗಿದ್ದರು. ನಮ್ಮ ಜಸ್‌ಪ್ರೀತ್ ಬುಮ್ರಾ ೨೦೧೯ರಲ್ಲಿ ಬೆನ್ನಿನ ಸೀಳಿನಿಂದಾಗಿ ಆಟ ಬಿಡಬೇಕಾಗಿ ಬಂದು, ೨೦೨೩ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಲಗೈಯವರಿಗೆ ಸೀಳು ಬಹುಮಟ್ಟಿಗೆ ಎಡಗಡೆಯೇ ಬೀಳುತ್ತದೆ. ಎಸೆಯುವ ಕ್ಷಣದಲ್ಲಿ ಮೈ ಏಕಕಾಲಕ್ಕೆ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಚಿಕೊಳ್ಳುವುದರಿಂದ ಭಾರವೆಲ್ಲ ಆ ಮಗ್ಗುಲಿನ ಕಿರುಸೇತುವೆಯಂಥ ಎಲುಬಿನ ಮೇಲೆ ಕೂರುತ್ತದೆ. ವಯಸ್ಕರಲ್ಲೇ ಹೀಗಾದರೆ, ಎಲುಬು ಇನ್ನೂ ಕಟ್ಟುತ್ತಿರುವ ಹುಡುಗನ ಗತಿಯೇನು?

ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ನಾನು ಒಂದು ಲೆಕ್ಕ ಮಾಡಿದೆ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ಪ್ರತಿ ಜುಲೈಯಲ್ಲಿ ಕೊಡುವ ಲೆಕ್ಕವೇ ಅದು. ಆರು ತಿಂಗಳು ಮೊದಲೇ ಮಾಡಿದ್ದರೆ ಆ ಜಗಲಿಗೆ ಬರುವ ಪ್ರಸಂಗವಿರುತ್ತಿರಲಿಲ್ಲ. ಹುಡುಗನ ತೂಕ ೪೦ ಕಿಲೋಗ್ರಾಂ. ಎಸೆಯುವ ಮುನ್ನ ಅವನು ನೆಗೆದು, ಸುಮಾರು ೩೦ ಸೆಂಟಿಮೀಟರು ಎತ್ತರದಿಂದ ಮುಂಗಾಲ ಮೇಲೆ ಇಳಿಯುತ್ತಾನೆಂದು ಭಾವಿಸೋಣ. ನೆಲ ಮುಟ್ಟುವಾಗ ಅವನ ಕೆಳಮುಖವಾದ ವೇಗ ಸೆಕೆಂಡಿಗೆ ೨.೪ ಮೀಟರು. ಕಾಲನ್ನು ನೆಟ್ಟಗೆ ಚಾಚಿ ನಿಂತರೆ ಈ ವೇಗವೆಲ್ಲ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಲ್ಲಿ ಅಡಗಬೇಕು. ಸಂವೇಗವನ್ನು ಕಾಲದಿಂದ ಭಾಗಿಸಿದರೆ ಬರುವ ಬಲ ಹತ್ತಿರ ಹತ್ತಿರ ೧,೯೨೦ ನ್ಯೂಟನ್ನು, ಎಂದರೆ ಸುಮಾರು ೨೦೦ ಕಿಲೋಗ್ರಾಂ ಭಾರ. ಇದರ ಮೇಲೆ ಮೈತೂಕ ಬೇರೆ. ಲೆಕ್ಕ ಒರಟಾದರೂ ಸುಳ್ಳಲ್ಲ. ನೆಲದಲ್ಲಿ ಹುದುಗಿಸಿದ ಬಲಮಾಪಕ ಫಲಕಗಳ ಮೇಲೆ ಬೌಲರುಗಳನ್ನು ಓಡಿಸಿ ಅಳೆದಾಗಲೂ ಮುಂಗಾಲಿನ ಮೇಲೆ ಮೈತೂಕದ ಐದಾರು ಪಟ್ಟು ಬಲ ಬೀಳುವುದು ಕಂಡಿದೆ. ನಾಲ್ಕು ಸಿಮೆಂಟು ಚೀಲಗಳನ್ನು ಒಬ್ಬ ಹುಡುಗನ ಕಾಲಿನ ಮೇಲೆ, ದಿನಕ್ಕೆ ನೂರನಲವತ್ತು ಸಲ ಇಳಿಸಿದಂತಾಯಿತು. ಬಲಗಳನ್ನು ಹೀಗೆ ಎಣಿಸುತ್ತ ಹೋಗುವುದು ಶಾಸ್ತ್ರೀಯವಲ್ಲವೆಂದು ನನ್ನ ವಿದ್ಯಾರ್ಥಿಗಳೇ ಆಕ್ಷೇಪಿಸಿಯಾರು. ಆದರೆ ಎಲುಬಿಗೆ ಆ ಎಣಿಕೆ ತಿಳಿದಿರುತ್ತದೆ.

ಹೇಗೆಂಬುದನ್ನು ನೋಡೋಣ. ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಲೋಹದ ಈ ದಣಿವನ್ನು ಜರ್ಮನಿಯ ಆಗಸ್ಟ್ ವೋಲರ್ ಎಂಬವನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೈಲುಗಾಡಿಗಳ ಅಚ್ಚುಗಳನ್ನು ಪರೀಕ್ಷಿಸುತ್ತ ಕಂಡುಕೊಂಡ. ೧೯೫೪ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದದ್ದಕ್ಕೂ ಈ ದಣಿವೇ ಕಾರಣವಾಗಿತ್ತು. ಎಲುಬೂ ಹಾಗೆಯೇ ದಣಿಯುತ್ತದೆ. ಕಣ್ಣಿಗೆ ಕಾಣದ ಬಿರುಕುಗಳು ಅದರಲ್ಲಿ ಏಳುತ್ತವೆ. ಆದರೆ ಉಕ್ಕಿಗಿಲ್ಲದ ಒಂದು ಭಾಗ್ಯ ಎಲುಬಿಗುಂಟು. ಅದು ಸಜೀವವಾದುದರಿಂದ ಬಿರುಕು ಬಿಟ್ಟ ಭಾಗವನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಈ ರಿಪೇರಿಗೆ ವಾರಗಳೂ ತಿಂಗಳುಗಳೂ ಬೇಕು. ಕರಗಿಸುವ ಕೆಲಸ ಮೊದಲು, ಕಟ್ಟುವ ಕೆಲಸ ಅನಂತರ ನಡೆಯುವುದರಿಂದ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಬಿರುಕು ಏಳುವ ವೇಗ ರಿಪೇರಿಯ ವೇಗವನ್ನು ಮೀರದಂತೆ ನೋಡಿಕೊಳ್ಳುವುದೇ ತರಬೇತಿಯ ಸಾರ. ಮಿತವಾಗಿ ಎಸೆದು ವಿಶ್ರಮಿಸುವ ಹುಡುಗನ ಎಲುಬು ದಪ್ಪವಾಗುತ್ತದೆ. ಅದೇ ಹುಡುಗ ವಿಶ್ರಾಂತಿಯಿಲ್ಲದೆ ಎಸೆದರೆ ಅದೇ ಎಲುಬು ಸೀಳುತ್ತದೆ. ಎರಡರ ನಡುವೆ ಇರುವುದು ತರಬೇತುದಾರನ ಒಂದು ಮಾತು: "ಇವತ್ತಿಗೆ ಸಾಕು."

ಆ ಮಾತನ್ನು ಯಾವಾಗ ಹೇಳಬೇಕೆಂಬುದು ಊಹೆಗೆ ಬಿಟ್ಟ ಸಂಗತಿಯಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮಂಡಲಿ ಎಳೆಯ ವೇಗದ ಬೌಲರುಗಳಿಗೆ ವಯಸ್ಸಿಗೆ ತಕ್ಕ ಮಿತಿಗಳನ್ನು ಹಾಕಿ ಹಲವು ವರ್ಷ ಪಾಲಿಸಿಕೊಂಡು ಬಂದಿತು: ೧೩ರೊಳಗಿನವರಿಗೆ ಒಂದು ಸರದಿಗೆ ೫ ಓವರು, ದಿನಕ್ಕೆ ೧೦; ೧೪, ೧೫ರೊಳಗಿನವರಿಗೆ ಸರದಿಗೆ ೬, ದಿನಕ್ಕೆ ೧೨. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟ್ಲ್ ಲೀಗು ೨೦೦೭ರಿಂದ ಎಸೆತಗಳನ್ನೇ ಎಣಿಸತೊಡಗಿತು. ೧೧, ೧೨ ವರ್ಷದವರಿಗೆ ದಿನಕ್ಕೆ ೮೫ ಎಸೆತ. ೬೬ ಅಥವಾ ಅದಕ್ಕಿಂತ ಹೆಚ್ಚು ಎಸೆದವನಿಗೆ ನಾಲ್ಕು ದಿನ ಕಡ್ಡಾಯ ವಿಶ್ರಾಂತಿ. ಆ ದೇಶದ ಮಕ್ಕಳ ವೈದ್ಯರ ಸಂಘ ೨೦೧೬ರಲ್ಲಿ ಹೇಳಿದ್ದು, ವಾರಕ್ಕೆ ಒಂದೆರಡು ದಿನವೂ ವರ್ಷದಲ್ಲಿ ಒಟ್ಟು ಮೂರು ತಿಂಗಳೂ ಮಗು ತನ್ನ ಮುಖ್ಯ ಆಟದಿಂದ ಬಿಡುವು ಪಡೆಯಬೇಕೆಂದು. ನೆನಪಿಡಲು ಸುಲಭವಾದ ಇನ್ನೊಂದು ಸೂತ್ರವೂ ವೈದ್ಯರಲ್ಲಿ ಬಳಕೆಯಲ್ಲಿದೆ: ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರಬಾರದು. ಹತ್ತು ವರ್ಷದವನಿಗೆ ಹತ್ತು ಗಂಟೆ. ಈ ಅಂಕೆಗಳಲ್ಲಿ ಒಂದೆರಡು ಹೆಚ್ಚು ಕಡಿಮೆಯಾದರೆ ಪ್ರಳಯವಾಗುವುದಿಲ್ಲ. ನಾನು ಕೇಳುವುದು ಇಷ್ಟೇ: ನಿಮ್ಮ ಮಗುವಿನ ತರಬೇತುದಾರ ಎಣಿಸುತ್ತಾನೆಯೆ? ಎಣಿಸಿ ಎಲ್ಲಿಯಾದರೂ ಬರೆದಿಡುತ್ತಾನೆಯೆ? "ಕಳೆದ ವಾರ ನಮ್ಮ ಹುಡುಗ ಎಷ್ಟು ಚೆಂಡು ಎಸೆದ?" ಎಂದು ಕೇಳಿದರೆ ಪುಸ್ತಕ ತೆರೆಯುವವನ ಬಳಿ ಮಗುವನ್ನು ಬಿಡಬಹುದು. ಆಕಾಶ ನೋಡುವವನ ಬಳಿ ಬಿಡಬಾರದು.

ಇನ್ನು ಬೆಳವಣಿಗೆಯ ಸಂಗತಿ. ಮಕ್ಕಳು ಚಿಕ್ಕ ಪ್ರಮಾಣದ ದೊಡ್ಡವರಲ್ಲ. ಇದಕ್ಕೆ ಗೆಲಿಲಿಯೊ ೧೬೩೮ರಷ್ಟು ಹಿಂದೆಯೇ ಕಾರಣ ತಿಳಿಸಿದ್ದಾನೆ: ಉದ್ದ ಹೆಚ್ಚಿದಂತೆ ಅಡ್ಡಕೊಯ್ತದ ವಿಸ್ತಾರ ವರ್ಗದಂತೆಯೂ ತೂಕ ಘನದಂತೆಯೂ ಹೆಚ್ಚುತ್ತದೆ. ೧೫೦ ಸೆಂಟಿಮೀಟರಿನ ಹುಡುಗ ೧೬೫ ಆದನೆನ್ನಿ. ಎತ್ತರದಲ್ಲಿ ಹೆಚ್ಚಿದ್ದು ನೂರಕ್ಕೆ ಹತ್ತು. ಮೈಕಟ್ಟಿನ ಆಕಾರ ಬದಲಾಗದಿದ್ದರೆ ತೂಕ ನೂರಕ್ಕೆ ಮೂವತ್ತಮೂರು ಹೆಚ್ಚುತ್ತದೆ. ಮಾಂಸಖಂಡಗಳ ಬಲ ಅವುಗಳ ಅಡ್ಡಕೊಯ್ತಕ್ಕೆ ತಕ್ಕಂತಿರುವುದರಿಂದ ಅದು ಹೆಚ್ಚುವುದು ಇಪ್ಪತ್ತೊಂದು ಮಾತ್ರ. ತೋಳನ್ನೋ ಕಾಲನ್ನೋ ತಿರುಗಿಸುವಾಗ ಎದುರಾಗುವ ಜಡತೆಯಂತೂ ಉದ್ದದ ಐದನೆಯ ಘಾತದಂತೆ ಏರಿ ಅರುವತ್ತೊಂದು ಹೆಚ್ಚುತ್ತದೆ. ಸನ್ನೆಗೋಲಿನ ಉದ್ದದ ಲಾಭವನ್ನು ಸೇರಿಸಿಕೊಂಡರೂ, ಮೊದಲಿನಷ್ಟೇ ಶ್ರಮಕ್ಕೆ ತೋಳು ಚುರುಕನ್ನು ಪಡೆಯುವ ಶಕ್ತಿ ಸುಮಾರು ಆರರಲ್ಲೊಂದು ಪಾಲು ಕುಂದುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಮೈಯಲ್ಲಿ ಎಲುಬು ಮೊದಲು ಉದ್ದವಾಗಿ, ಮಾಂಸಖಂಡ ಆಮೇಲೆ ತುಂಬಿಕೊಂಡು, ಎಲುಬಿಗೆ ಸುಣ್ಣದ ಗಟ್ಟಿ ಇನ್ನೂ ತಡವಾಗಿ ಸೇರುವುದರಿಂದ ಸ್ಥಿತಿ ಕೆಲವು ತಿಂಗಳ ಮಟ್ಟಿಗೆ ಇದಕ್ಕಿಂತಲೂ ಸೂಕ್ಷ್ಮವಾಗಿರುತ್ತದೆ.

ಹೆಣ್ಣುಮಕ್ಕಳಲ್ಲಿ ಈ ಬೆಳವಣಿಗೆಯ ಭರ ೧೨ನೆಯ ವಯಸ್ಸಿನ ಸುಮಾರಿಗೆ, ಗಂಡುಮಕ್ಕಳಲ್ಲಿ ೧೪ರ ಸುಮಾರಿಗೆ ತುತ್ತತುದಿಗೇರುತ್ತದೆ. ಆಗ ಏನಾಗುತ್ತದೆ? ನಿನ್ನೆಯವರೆಗೆ ಕರಾರುವಾಕ್ಕಾಗಿ ಎಸೆಯುತ್ತಿದ್ದವನ ಚೆಂಡು ಎಲ್ಲೆಲ್ಲಿಗೋ ಹೋಗುತ್ತದೆ. ಚಿಗರೆಯಂತೆ ಓಡುತ್ತಿದ್ದ ಹುಡುಗಿ ಎಡವುತ್ತಾಳೆ. ಮಂಡಿಯ ಕೆಳಗೆ ನೋವು ಕಾಣಿಸಿಕೊಳ್ಳುತ್ತದೆ. ಎಲುಬು ಬೆಳೆಯುವ ತಾಣಗಳು ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಸ್ನಾಯುರಜ್ಜುಗಳ ಎಳೆತವನ್ನು ಅವು ತಾಳಲಾರವು. ಅರಿಯದ ತರಬೇತುದಾರ ಇದನ್ನು ನೋಡಿ, "ಸೋಮಾರಿಯಾಗಿದ್ದಾನೆ, ಕೊಬ್ಬಿದ್ದಾನೆ, ಮೊಬೈಲು ಹಾಳು ಮಾಡಿತು" ಎಂದು ತೀರ್ಮಾನಿಸಿ ಇನ್ನೂ ಹತ್ತು ಸುತ್ತು ಓಡಿಸುತ್ತಾನೆ. ಅರಿತವನು ಗೋಡೆಯ ಬಳಿ ನಿಲ್ಲಿಸಿ ಎತ್ತರ ಅಳೆಯುತ್ತಾನೆ. ಎಷ್ಟೋ ಮಕ್ಕಳು ಆಟವನ್ನು ಶಾಶ್ವತವಾಗಿ ಬಿಡುವುದು ಈ ಒಂದೆರಡು ವರ್ಷಗಳಲ್ಲಿ, ತಾವು ಅಯೋಗ್ಯರೆಂದು ನಂಬಿ. ಅವರ ಮೈ ಮಾತ್ರ ಹೊಸ ಅಳತೆಗೆ ಹೊಂದಿಕೊಳ್ಳಲು ಸ್ವಲ್ಪ ಕಾಲಾವಕಾಶ ಕೇಳುತ್ತಿರುತ್ತದೆ, ಅಷ್ಟೆ.

ಒಂದೇ ವಯಸ್ಸಿನ ಮಕ್ಕಳೆಲ್ಲ ಒಂದೇ ಹಂತದಲ್ಲಿರುವುದೂ ಇಲ್ಲ. ನಮ್ಮ ದೇಶದ ಕ್ರಿಕೆಟ್ ಮಂಡಲಿ ೧೬ರೊಳಗಿನ ಆಟಗಾರರ ವಯಸ್ಸಿನ ಮೋಸವನ್ನು ಹಿಡಿಯಲು ಎಡ ಮಣಿಕಟ್ಟಿನ ಕ್ಷ-ಕಿರಣದ ಚಿತ್ರ ತೆಗೆಸಿ ಎಲುಬಿನ ವಯಸ್ಸನ್ನು ನೋಡುವ ಪದ್ಧತಿ ಇಟ್ಟುಕೊಂಡಿರುವುದು ಸರಿಯಷ್ಟೆ. ಅದೇ ಚಿತ್ರ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಜನ್ಮದಿನಾಂಕ ಒಂದೇ ಆಗಿರುವ ಇಬ್ಬರು ಪ್ರಾಮಾಣಿಕ ಹುಡುಗರ ಎಲುಬಿನ ವಯಸ್ಸಿನಲ್ಲಿ ಎರಡು ವರ್ಷಕ್ಕೂ ಹೆಚ್ಚಿನ ಅಂತರವಿರಬಹುದು. ಬೇಗ ಬೆಳೆದವನು ಇಂದು ಗೆಲ್ಲುತ್ತಾನೆ, ಗುರುವಿನ ಗಮನವೆಲ್ಲ ಅವನಿಗೆ. ತಡವಾಗಿ ಬೆಳೆಯುವವನು ಬೇಲಿಯ ಪಕ್ಕ ಚೆಂಡು ಹೆಕ್ಕುತ್ತಾನೆ. ಮೂರು ವರ್ಷದ ಮೇಲೆ ಇಬ್ಬರೂ ಸಮನಾದಾಗ ಎರಡನೆಯವನು ಮೈದಾನದಲ್ಲೇ ಇರುವುದಿಲ್ಲ. ಆದುದರಿಂದ ತಾಯ್ತಂದೆಯರು ಸೇರಿಸುವ ಮುನ್ನ ಒಂದು ದಿನ ಬೇಲಿಯ ಹೊರಗೆ ಒಂದು ಗಂಟೆ ಸುಮ್ಮನೆ ನಿಂತು, ತರಬೇತುದಾರ ಯಾರೊಡನೆ ಮಾತನಾಡುತ್ತಾನೆಂಬುದನ್ನು ನೋಡಬೇಕು. ಅತ್ಯಂತ ದುರ್ಬಲನಾದ ಹುಡುಗನ ಹೆಸರು ಅವನಿಗೆ ಗೊತ್ತಿದೆಯೆ?

ಈಗ ಗೋಡೆಯ ಮೇಲಿನ ಆ ಚಿತ್ರಗಳಿಗೆ ಬರೋಣ. "ಅವರು ಕಠಿನರು, ನಿಜ, ಆದರೆ ಚಾಂಪಿಯನ್ನರನ್ನು ಕಟ್ಟಿದ್ದಾರೆ" ಎಂಬ ಮಾತಿಗೆ ತಾಯ್ತಂದೆಯರು ಬಹುಬೇಗ ತಲೆಬಾಗುತ್ತಾರೆ. ಇಲ್ಲಿ ಎರಡನೆಯ ಮಹಾಯುದ್ಧದ ಕಾಲದ ಒಂದು ವೃತ್ತಾಂತ ಉಪಯುಕ್ತ. ಶತ್ರುಗಳ ಗುಂಡಿಗೆ ಸಿಕ್ಕಿ ಹಿಂದಿರುಗಿದ ವಿಮಾನಗಳ ಮೈಮೇಲೆ ಗುಂಡಿನ ತೂತುಗಳು ಎಲ್ಲೆಲ್ಲಿವೆಯೆಂದು ಅಮೆರಿಕನ್ನರು ಲೆಕ್ಕ ಹಾಕುತ್ತಿದ್ದರು. ತೂತು ಹೆಚ್ಚಿರುವ ಕಡೆ ರಕ್ಷಾಕವಚ ಹಾಕುವುದು ಸಹಜವಾಗಿ ತೋರುವ ಉಪಾಯ. ೧೯೪೩ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿದ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞನ ವಿಚಾರಸರಣಿ ಬೇರೆ: ನಾವು ನೋಡುತ್ತಿರುವುದು ಹಿಂದಿರುಗಿದ ವಿಮಾನಗಳನ್ನು ಮಾತ್ರ, ಇವುಗಳಲ್ಲಿ ಎಲ್ಲಿ ತೂತುಗಳು ಕಡಿಮೆಯೋ ಅಲ್ಲಿ ಗುಂಡು ತಾಗಿದವು ಹಿಂದಿರುಗಲೇ ಇಲ್ಲ. (ಈ ಮಹನೀಯ ೧೯೫೦ರ ಡಿಸೆಂಬರಿನಲ್ಲಿ ಭಾರತದ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದಾಗ ನೀಲಗಿರಿಯಲ್ಲಿ ವಿಮಾನ ಅಪಘಾತದಲ್ಲಿಯೇ ತೀರಿಕೊಂಡದ್ದು ವಿಧಿಯ ಕ್ರೌರ್ಯ.) ತರಬೇತಿ ಕೇಂದ್ರದ ಗೋಡೆಯ ಮೇಲಿರುವವರು ಹಿಂದಿರುಗಿದ ವಿಮಾನಗಳು. ನೂರು ಹುಡುಗರನ್ನು ಕಲ್ಲಿನ ಮೇಲೆ ಎಸೆದು, ಒಡೆಯದ ಇಬ್ಬರ ಚಿತ್ರವನ್ನು ತೂಗುಹಾಕಿದರೆ, ಒಡೆಯದಿದ್ದುದು ಅವರ ಗುಣವೇ ಹೊರತು ಎಸೆದವನ ವಿದ್ಯೆಯಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಮಂದಿ ಆಯ್ಕೆಯಾದರೆಂಬುದಲ್ಲ. "ಮೂರು ವರ್ಷದ ಹಿಂದೆ ನಿಮ್ಮಲ್ಲಿ ಸೇರಿದವರ ಪಟ್ಟಿ ಕೊಡಿ, ಅವರಲ್ಲಿ ಈಗಲೂ ಆಡುತ್ತಿರುವವರು ಎಷ್ಟು ಜನ? ಉಳಿದವರು ಏಕೆ ಬಿಟ್ಟರು?" ಎಂದು ಕೇಳಬೇಕು. ಬಿಟ್ಟವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೆ ಇನ್ನೂ ಒಳ್ಳೆಯದು. ನಾನು ಆ ಮೇಲೆ ಹೋದೆ. ಮೂರು ಮನೆಗಳಲ್ಲಿ ಕೇಳಿದ ಕಥೆ ನಮ್ಮ ಮನೆಯದಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲ.

ಅರ್ಹತಾಪತ್ರವನ್ನೂ ಕೇಳಿ ನೋಡುವುದು ಒಳ್ಳೆಯದೇ. ಪಟಿಯಾಲದಲ್ಲಿ ೧೯೬೧ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಅಲ್ಲಿನ ಡಿಪ್ಲೊಮಾ ಪಡೆದವರಿಗೆ ಅಂಗರಚನೆಯೂ ಶರೀರಕ್ರಿಯೆಯೂ ಅಷ್ಟಿಷ್ಟು ತಿಳಿದಿರುತ್ತದೆ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುವರೆಂಬ ನಂಬಿಕೆ ಮಾತ್ರ ಬೇಡ. ಎಂ.ಎಸ್‌ಸಿ.ಯಲ್ಲಿ ಮೊದಲ ದರ್ಜೆ ಪಡೆದು ತರಗತಿಯಲ್ಲಿ ಬಾಯಿ ಬಿಡಲಾರದವರನ್ನು ನಾನು ಬಲ್ಲೆ. ಮೊದಮೊದಲು ನಾನೂ ಅವರಲ್ಲೊಬ್ಬನಾಗಿದ್ದೆ.

ಬಿಸಿಲಿನ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಮೈಯ ಶಾಖವನ್ನು ಕಳೆಯಲು ನಮಗಿರುವ ದೊಡ್ಡ ಉಪಾಯ ಬೆವರಿನ ಆವಿಯಾಗುವಿಕೆ; ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆವಿಯಾಗದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ. ಆದುದರಿಂದಲೇ ಮಂಗಳೂರಿನ ೩೩ ಡಿಗ್ರಿ ಕಲಬುರ್ಗಿಯ ೩೮ ಡಿಗ್ರಿಗಿಂತ ಓಡುವವನಿಗೆ ಕಷ್ಟವಾಗಬಹುದು. ಆಟದ ನಡುವೆ ನೀರು ಕುಡಿದರೆ ಉಸಿರು ಕಟ್ಟುತ್ತದೆ, ಹೊಟ್ಟೆ ಭಾರವಾಗುತ್ತದೆಂದು ಮಕ್ಕಳಿಗೆ ನೀರು ಬಿಡದ ಹಳೆಯ ಸಂಪ್ರದಾಯ ಕೆಲವು ಕಡೆ ಈಗಲೂ ಉಳಿದಿದೆ. ಮಕ್ಕಳು ಕೇಳುವ ಮುನ್ನ ನೀರು ಕೊಡದ, ನೆರಳಿಲ್ಲದ ಮೈದಾನದಲ್ಲಿ ಹನ್ನೊಂದು ಗಂಟೆಗೆ ಓಡಿಸುವ ತರಬೇತುದಾರನನ್ನು ಬೇರೆ ಯಾವ ಪರೀಕ್ಷೆಗೂ ಒಡ್ಡಬೇಕಾಗಿಲ್ಲ.

ಮುಂದಿನ ಮಾತು ಬರೆಯಲು ಹಿತವಾದುದಲ್ಲ. ಅಮೆರಿಕದ ಮಹಿಳಾ ಜಿಮ್ನ್ಯಾಸ್ಟಿಕ್ ತಂಡಕ್ಕೆ ಬಹುಕಾಲ ವೈದ್ಯನಾಗಿದ್ದ ಲ್ಯಾರಿ ನಾಸರನಿಗೆ ೨೦೧೮ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ನ್ಯಾಯಾಲಯ ೪೦ರಿಂದ ೧೭೫ ವರ್ಷಗಳ ಸೆರೆವಾಸ ವಿಧಿಸಿತು. ಅವನಿಂದ ಲೈಂಗಿಕ ಹಿಂಸೆಗೊಳಗಾದ ೧೫೦ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳನ್ನು ಆ ನ್ಯಾಯಾಲಯ ಕೇಳಿತು. ಕೆಲವು ಸಲ ಚಿಕಿತ್ಸೆಯ ನೆಪದಲ್ಲಿ, ತಾಯಿಯೋ ತಂದೆಯೋ ಅದೇ ಕೋಣೆಯಲ್ಲಿ ಕುಳಿತಿರುವಾಗಲೇ, ಅವರ ಕಣ್ಣಿಗೆ ಮರೆಮಾಡಿಕೊಂಡು ಅವನು ತನ್ನ ಕೃತ್ಯ ನಡೆಸಿದ್ದ. ಹೆಸರಾಂತ ಸಂಸ್ಥೆಯೆಂಬ ನಂಬಿಕೆಯೇ ಅಲ್ಲಿ ಎಲ್ಲರ ಬಾಯಿ ಕಟ್ಟಿತ್ತು. ನಮ್ಮಲ್ಲಿಯೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯಿದೆ ೨೦೧೨ರಿಂದ ಇದೆ. ಅದರ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ಆದರೆ ಕಾಯಿದೆ ಬರುವುದು ಕೆಟ್ಟದ್ದು ನಡೆದಮೇಲೆ. ಅದಕ್ಕೆ ಮೊದಲು ನೋಡಬೇಕಾದುದು ಬಾಗಿಲುಗಳನ್ನು. ತರಬೇತಿ ನಡೆಯುವಾಗ ತಾಯ್ತಂದೆಯರು ಹೇಳದೆ ಕೇಳದೆ ಬಂದು ನೋಡಬಹುದೆ? ಹೊರ ಊರಿಗೆ ಪಂದ್ಯಕ್ಕೆ ಹೋದಾಗ ಮಕ್ಕಳು ಯಾರೊಡನೆ ಮಲಗುತ್ತಾರೆ? ಹುಡುಗಿಯರ ತಂಡದೊಡನೆ ಹೆಂಗಸರೊಬ್ಬರು ಹೋಗುತ್ತಾರೆಯೆ? ತರಬೇತುದಾರ ರಾತ್ರಿಯ ಹೊತ್ತು ಮಗುವಿನ ಮೊಬೈಲಿಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸುತ್ತಾನೆಯೆ? ಇವನ್ನು ಕೇಳಿದರೆ ಒಳ್ಳೆಯ ತರಬೇತುದಾರನಿಗೆ ಸಿಟ್ಟು ಬರುವುದಿಲ್ಲ. ನೀವು ಕೇಳುವ ಮೊದಲೇ ಅವನು ವ್ಯವಸ್ಥೆ ಮಾಡಿರುತ್ತಾನೆ. ಸಿಟ್ಟು ಬಂದರೆ ಅದೇ ಉತ್ತರ.

ತರಬೇತುದಾರರ ಪಕ್ಷವನ್ನೂ ಒಂದಿಷ್ಟು ಹೇಳದೆ ಮುಗಿಸುವುದು ನ್ಯಾಯವಾಗದು. ಅವರಲ್ಲಿ ಅನೇಕರ ಜೀವನ ಬಡವಾದದ್ದು. ಆದಾಯ ಬೇಸಗೆಯ ಎರಡು ತಿಂಗಳಿನದು. "ನನ್ನ ಮಗನಿಗೆ ಇನ್ನಷ್ಟು ಬೌಲಿಂಗು ಕೊಡಿಸಿ" ಎಂದು ಬೇಲಿಯಾಚೆಯಿಂದ ಕೂಗುವವರು ತಂದೆಯರೇ. ಹುಡುಗನನ್ನು ಒಂದು ವಾರ ಸುಮ್ಮನೆ ಕೂರಿಸಿದ ತರಬೇತುದಾರನಿಂದ ಶುಲ್ಕ ಹಿಂದಕ್ಕೆ ಕೇಳಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಕು ಎನ್ನಬಲ್ಲ ಗುರು ಬೇಕೆಂದರೆ, ಅವನು ಸಾಕು ಎಂದಾಗ ಸುಮ್ಮನಿರಬಲ್ಲ ತಾಯ್ತಂದೆಯರೂ ಬೇಕು. ನಾನು ಸುಮ್ಮನಿರಲಾರದವರ ಸಾಲಿನಲ್ಲಿದ್ದೆನೆಂಬುದನ್ನು ಮೇಲೆಯೇ ಒಪ್ಪಿಕೊಂಡಿದ್ದೇನೆ.

ಅಳಿಯ ಐದು ತಿಂಗಳು ಚೆಂಡು ಮುಟ್ಟಲಿಲ್ಲ. ಬಳಿಕ ಅವನನ್ನು ಒಯ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಶಾಲೆಯೊಂದರ ಹಿಂದಿನ ಮೈದಾನದಲ್ಲಿ ಕಲಿಸುವ ಹಿರಿಯರೊಬ್ಬರ ಬಳಿಗೆ. ರೈಲ್ವೆಯ ತಂಡಕ್ಕೆ ಆಡಿ ನಿವೃತ್ತರಾದವರು. ಗೋಡೆಯ ಮೇಲೆ ಪದಕದ ಚಿತ್ರ ಒಂದೂ ಇಲ್ಲ. ಬದಲಿಗೆ ಪೆನ್ಸಿಲಿನ ಗೆರೆಗಳು. ಒಂದೊಂದು ಗೆರೆಯ ಪಕ್ಕದಲ್ಲಿ ಹೆಸರು, ತಿಂಗಳು. ನಾನು ವೈದ್ಯರ ಕಾಗದ ತೋರಿಸುವ ಮೊದಲೇ ಅವರು ಹುಡುಗನನ್ನು ಗೋಡೆಗೆ ಒರಗಿಸಿ, ತಲೆಯ ಮೇಲೆ ಒಂದು ಪುಸ್ತಕವಿಟ್ಟು, ಗೆರೆ ಎಳೆದರು. "ಪ್ರತಿ ತಿಂಗಳೂ ಅಳೀತೀನಿ ಮೇಷ್ಟ್ರೆ. ಗೆರೆ ಜಿಗಿದರೆ ಓವರು ಇಳಿಸ್ತೀನಿ" ಎಂದರು. ಗೆಲಿಲಿಯೊನ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ ನಾನರಿಯೆ. ಮೊದಲ ಎರಡು ತಿಂಗಳು ಅವನಿಗೆ ಓಡುವುದು, ಈಜುವುದು, ಬ್ಯಾಟು ಹಿಡಿಯುವುದು ಮಾತ್ರ. ಎಸೆಯತೊಡಗಿದಾಗ ನಡೆದುಕೊಂಡು ಬಂದು ಎಸೆತ, ವಾರಕ್ಕೆ ಮೂರೇ ದಿನ, ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಗೀಟು.

ಅವನಿಗೀಗ ೧೫. ಕಳೆದ ತಿಂಗಳು ಎರಡು ಶಾಲೆಗಳ ನಡುವಣ ಪಂದ್ಯಕ್ಕೆ ನಾನೂ ಅಕ್ಕನೂ ಹೋಗಿದ್ದೆವು. ಆರನೆಯ ಓವರಿನ ಕಡೆಯ ಎರಡು ಚೆಂಡುಗಳಿಗೆ ಅವನು ಎರಡು ವಿಕೆಟ್ ಉರುಳಿಸಿದ. ಮುಂದಿನ ಓವರಿನ ಮೊದಲ ಚೆಂಡಿಗೆ ಮೂರನೆಯದೂ ಬೀಳುವುದೆಂಬ ಉತ್ಸಾಹ ಮೈದಾನವನ್ನೆಲ್ಲ ತುಂಬಿತ್ತು. ಅಷ್ಟರಲ್ಲಿ ಹಿರಿಯರು ಗೆರೆಯ ಬಳಿಗೆ ಬಂದು ನಾಯಕನಿಗೆ ಕೈಸನ್ನೆ ಮಾಡಿದರು. "ಸರ್, ಇನ್ನೊಂದೇ ಒಂದು ಓವರು" ಎಂದು ಹುಡುಗ ಓಡಿಬಂದ. "ಪುಸ್ತಕ ಮುಚ್ಚಾಯ್ತು ಮರಿ, ಹೋಗಿ ನಿಂತುಕೋ" ಎಂದು ಅವರು ಅವನ ಹೆಗಲು ತಟ್ಟಿ ಹಿಂದಿರುಗಿದರು. ಅವನು ನೆಲವನ್ನು ಒದೆಯುತ್ತ ದೂರದ ಗೆರೆಗೆ ನಡೆದ. ನನ್ನ ಪಕ್ಕದಲ್ಲಿದ್ದ ಪರಿಚಯವಿಲ್ಲದ ಗೃಹಸ್ಥರೊಬ್ಬರು, "ಎಂಥ ಕೋಚು ರೀ ಇವರು" ಎಂದು ಹಣೆ ಚಚ್ಚಿಕೊಂಡರು. ಅಕ್ಕ ನನ್ನ ಮುಖ ನೋಡಿದಳು. ನಾನೂ ಎಣಿಸುತ್ತಲೇ ಇದ್ದೆ: ಮೂವತ್ತಾರು.